ಹನ್ನೆರಡು ಶೆಡ್ಡಿಗೂ ಒಂದೇ ಹೆಸರು

ನಾನು ಬರೆದ ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದು ಯಾರಾದರೂ ಅಂದರೆ ಸಾಕು, ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವತ್ತು ಮಧ್ಯಾಹ್ನ ಹಾಗೆ ಅಂದವರು ನಿಡೋಣಿಯ ಗುರುಬಸವ್ವ. ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು, ವಿಜಯಪುರದ ಅಥಣಿ ರಸ್ತೆಯಲ್ಲಿದ್ದ ನನಗೆ ಫೋನ್ ಮಾಡಿದ್ದರು.

“ಸ್ನೇಹಲವ್ವಾ, ಮುಂಜಾನೆ ಕೊಯ್ದ ದ್ರಾಕ್ಷಿ ಬಿಸಲಾಗ ಕುಂತೈತಿ. ಹೊತ್ತ ಮುಳಗೂದ್ರಾಗ ಶೆಡ್ಡಿನ ಒಣಗಸೂ ಬಲೆ ಮ್ಯಾಲೆ ಹರವಲಿಲ್ಲಂದ್ರ ಅರ್ಧ ತೋಟದ ಬೆಳಿ ಕೆಟ್ಟ ಹೋಗತೈತಿ. ನಿನ್ನ ಪ್ರೋಗ್ರಾಂ ಹನ್ನೆರಡೂ ಶೆಡ್ ತುಂಬ್ಯಾವ ಅಂತೈತಿ. ನನ್ನ ಕಣ್ಣಿಗಿ ಎಲ್ಲಾ ಖಾಲಿ ಕಾಣಾಕತ್ತಾವ! ಈರಯ್ಯ ಇಳಸಗೊಡವಲ್ಲ.”

ಈರಯ್ಯ ಶೆಡ್ಡು ನೋಡಿಕೊಳ್ಳುವವರು. ಅವರು ರೈತರ ಹೆಸರು ತುಂಬಲೆಂದು ಪ್ರೋಗ್ರಾಮಿನಲ್ಲಿ ಪ್ರತಿ ಶೆಡ್ಡಿಗೂ ಒಂದು ಪಟ್ಟಿ ಮಾಡಿಕೊಟ್ಟಿದ್ದೆ. ನಾನು ಪ್ರೋಗ್ರಾಂ ಬರೆಯುವ ರೂಬಿ ಭಾಷೆಯಲ್ಲಿ ಅದಕ್ಕೆ ಅರೇ ಅನ್ನುತ್ತಾರೆ. ಪಟ್ಟಿ ಇದೆಯೇ ಎಂದಷ್ಟೇ ಕೇಳಿದರೆ ರೂಬಿ ಖಾಲಿ ಪಟ್ಟಿಗೂ ಹೌದು ಅನ್ನುತ್ತದೆ. ಹೊಸಬರು ಅಲ್ಲೇ ಎಡವುತ್ತಾರೆ. ನಾನು ಎಡವುವವಳೇ? ‘ಎಂಪ್ಟಿ?’, ಅಂದರೆ ಖಾಲಿಯೇ, ಎಂದೇ ಕೇಳಿದ್ದೆ. ಒಂದೂ ಹೆಸರಿಲ್ಲದಿದ್ದರೆ ಮಾತ್ರ ಅದು ಹೌದು ಅನ್ನುತ್ತದೆ; ಒಂದೇ ಹೆಸರಿದ್ದರೂ ಶೆಡ್ಡು ತುಂಬಿದೆ ಎಂದೇ ಲೆಕ್ಕ.

ಆದರೂ ಪಟ್ಟಿಗಳನ್ನು ತೆರೆದು ನೋಡಿದೆ. ಹನ್ನೆರಡರಲ್ಲೂ ಒಂದೊಂದೇ ಹೆಸರು: ಶ್ರೀ ಸಿದ್ಧೇಶ್ವರ ಪ್ರಸನ್ನ.

ಫೋನನ್ನು ಈರಯ್ಯನವರಿಗೆ ಕೊಡಿಸಿ ಕೇಳಿದೆ.

“ಹೊಸಾ ವಹಿ ಶುರು ಮಾಡುವಾಗ ಮೊದಲ ದೇವರ ಹೆಸರ ಬರೀತೀವಲ್ರಿ. ಹಂಗ ಬರದೇನಿ.”

“ಅಳಸ್ರಿ ಅದನ್ನ.”

“ದೇವರ ಹೆಸರ ಅಳಸಂಗಿಲ್ರಿ. ಬೇರೆ ಏನರ ಹೇಳ್ರಿ.”

ಆ ದನಿಯ ಜತೆ ಜಗ್ಗಾಡಿದರೆ ದ್ರಾಕ್ಷಿ ಉಳಿಯುವುದಿಲ್ಲ. ದೇವರ ಹೆಸರನ್ನು ಪಟ್ಟಿಯಿಂದ ತೆಗೆದು ಪರದೆಯ ನೆತ್ತಿಯ ಮೇಲೆ, ಎಲ್ಲರಿಗೂ ಕಾಣುವಂತೆ ಕೂರಿಸಿದೆ. ಮತ್ತೆ ಕೇಳಿದೆ: ‘ಎಂಪ್ಟಿ?’ ಹನ್ನೆರಡು ಪಟ್ಟಿಗಳೂ ಹೌದು ಅಂದವು. ಐದು ನಿಮಿಷವೂ ಹಿಡಿಯಲಿಲ್ಲ. ಫೋನಿನಲ್ಲಿ ಕ್ರೇಟು ಇಳಿಸುವ ಸದ್ದು ಕೇಳಿತು.

ಗೆದ್ದ ಗತ್ತಿನಲ್ಲಿ ಕೇಳಿದೆ: “ಅಲ್ರಿ ಈರಯ್ಯನವರ, ಶೆಡ್ ಕಣ್ಣೆದುರಿಗೇ ಖಾಲಿ ಇದ್ದೂವು. ಅಷ್ಟೊತ್ತನಕ ಆಕಿನ್ನ ಯಾಕ ನಿಂದರಿಸಿದ್ರಿ?”

“ನೀವ ಹೇಳಿದ್ರೆಲ್ರಿ,” ಅಂದರು ಈರಯ್ಯ, “ನಿಮ್ಮ ಕಣ್ಣ ತಪ್ಪಬಹುದು, ನನ್ನ ಪ್ರೋಗ್ರಾಂ ತಪ್ಪಂಗಿಲ್ಲ ಅಂತ.”

ಹೇಳಿದ್ದೆ. ಅದೂ ನಾಲ್ಕು ಮಂದಿಯ ಎದುರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು.

“ಇನ್ಮ್ಯಾಲೆ ಮೊದಲ ಕಣ್ಣಿಲೆ ನೋಡ್ರಿ,” ಎಂದೆ. “ಆಮ್ಯಾಲೆ ನನ್ನ ಬೈರಿ.”