ಹೇಸರಗತ್ತೆಯ ನೋಟು

ಗಂಡ ತೀರಿಕೊಂಡ ಮೂರನೇ ತಿಂಗಳಿಗೆ ದೇಶದ ನೋಟು ಚಿಕ್ಕದಾಯಿತು. ಉದ್ದದಲ್ಲಿ ಒಂದು ಬೆರಳು, ಅಗಲದಲ್ಲಿ ಅರ್ಧ ಬೆರಳು. ಜನ ಹಳೆಯದನ್ನು ಬ್ಯಾಂಕಿಗೆ ಕೊಟ್ಟು ಹೊಸದನ್ನು ತಂದರು, ಪರ್ಸು ದೊಗಲೆಯಾಯಿತೆಂದು ನಕ್ಕರು, ಮರೆತರು. ಅವಳ ಮನೆಯಲ್ಲಿ ಮಾತ್ರ ಒಂದು ಆಟ ನಿಂತುಹೋಯಿತು.

ಗಂಡ ಜಾದೂಗಾರ. ದೊಡ್ಡ ಹೆಸರಿನವನೇನಲ್ಲ. ಸೈಕಲ್ ಅಂಗಡಿಯ ಮೇಲಿನ ಹಾಲಿನಲ್ಲಿ ಜಾದೂಗಾರರ ಕ್ಲಬ್ಬು ಪ್ರತಿ ಶನಿವಾರ ಟಿಕೆಟ್ ಇಟ್ಟು ನಡೆಸುವ ಪ್ರದರ್ಶನದಲ್ಲಿ ಕೊನೆಯ ಹತ್ತು ನಿಮಿಷ ಅವನದು. ಪ್ರೇಕ್ಷಕರಲ್ಲಿ ಯಾರಿಂದಲೋ ಒಂದು ನೋಟು ಕೇಳಿ ಪಡೆದು, ಅವರ ಮೂಗಿನ ಕೆಳಗೇ ಮೂರು ಸಲ ಮಡಿಚಿ ಬಿಡಿಸುತ್ತಿದ್ದ. ಬಿಡಿಸಿದರೆ ಅದು ಹಡಗಿನ ಚಿತ್ರವಿದ್ದ ಪರದೇಶದ ನೋಟು. ಅದನ್ನು ಅವರ ಕೈಗೇ ಕೊಟ್ಟು ತಿರುಗಿಸಿ ಮುರುಗಿಸಿ ನೋಡಲು ಬಿಡುತ್ತಿದ್ದ. ಮತ್ತೆ ಮಡಿಚಿ ಬಿಡಿಸಿದರೆ ಅವರದೇ ನೋಟು.

ಗುಟ್ಟು ಸಣ್ಣದು, ಕೆಲಸ ದೊಡ್ಡದು. ನಮ್ಮ ನೋಟಿನಷ್ಟೇ ಅಳತೆಯ ಹಡಗಿನ ನೋಟು ಮೊದಲೇ ಮಡಿಕೆಯಾಗಿ ಅಂಗೈಯಲ್ಲಿ ಅಡಗಿರುತ್ತದೆ. ಎರಡು ಮಡಿಕೆಗಳು ಬೆನ್ನಿಗೆ ಬೆನ್ನು ತಾಗಿಸಿಕೊಂಡು ಒಂದೇ ಎಂಬಂತೆ ಕಾಣುವ ಅರೆಗಳಿಗೆಯಲ್ಲಿ ಬೆರಳು ಹಿಂದಿನದನ್ನು ಮುಂದಕ್ಕೆ ತಿರುಗಿಸುತ್ತದೆ. ಒಂದು ಕೂದಲೆಳೆ ದೊಡ್ಡದಿದ್ದರೂ ಅಂಗಿಯ ತೋಳಿನಿಂದ ಬನಿಯನ್ ಇಣುಕಿದ ಹಾಗೆ ಇಣುಕುತ್ತದೆ. ಐದು ವರ್ಷ ಅವಳು ಅಡುಗೆಮನೆಯ ಮೇಜಿನ ಆಚೆ ಬದಿಗೆ ಕೂತು, ಇಣುಕಿದಾಗಲೆಲ್ಲ "ಕಾಣ್ತು" ಎಂದಿದ್ದಳು. ಬೇರೇನೂ ಹೇಳುವಂತಿರಲಿಲ್ಲ. ಆ ಒಂದು ಮಾತಿನಲ್ಲೇ ಅವನ ಆಟ ತಯಾರಾಗಿತ್ತು.

ಕ್ಲಬ್ಬಿಗೆ ಒಂದು ಕಟ್ಟಳೆಯಿತ್ತು. ಸದಸ್ಯ ಸತ್ತರೆ ಅವನ ಆಟ, ಅದಕ್ಕೆ ಸೇರಿದ ಶನಿವಾರದ ಹೊತ್ತು ಒಂದು ವರ್ಷ ಅವನ ಮನೆಯವರದು. ಅಷ್ಟರೊಳಗೆ ಮನೆಯವರಲ್ಲಿ ಒಬ್ಬರು ಸಮಿತಿಯ ಎದುರು ಅದನ್ನು ಸಿಕ್ಕಿಬೀಳದೆ ಮಾಡಿ ತೋರಿಸಿದರೆ ಅದು ಅವರಿಗೇ. ಇಲ್ಲವಾದರೆ ಮೊದಲು ಕೇಳಿದವರಿಗೆ; ಮನೆಯವರು ಬರೆದುಕೊಟ್ಟಿರದಿದ್ದರೆ ಅವರೂ ಮಾಡಿ ತೋರಿಸಬೇಕು. ಮೊದಲು ಕೇಳಿದವನು ಮೈದುನ. ಅವನೂ ಜಾದೂಗಾರ, ರಿಂಗು, ರಿಬ್ಬನ್ನು, ಪ್ರದರ್ಶನದ ಶುರುವಿಗೆ ಐದು ನಿಮಿಷ, ಜನ ಇನ್ನೂ ಕುರ್ಚಿ ಹುಡುಕುತ್ತಿರುವಾಗ.

"ಅತ್ತಿಗೆ, ಸುಮ್ನೆ ಬರ್ದುಕೊಟ್ಬಿಡಿ," ಎಂದ ಒಂದು ಭಾನುವಾರ. "ಅಣ್ಣನ ಆಟ ಹಳೇ ನೋಟಿನ ಜೊತೇನೇ ಸತ್ತೋಯ್ತು."

"ಸತ್ತಿದ್ದನ್ನ ಇಟ್ಕೊಂಡು ನೀನೇನು ಮಾಡ್ತೀಯ?"

"ಆಟ ಯಾರಿಗೆ ಬೇಕು? ಆ ಹತ್ತು ನಿಮಿಷ ಇದೆಯಲ್ಲ."

ಮುಚ್ಚುಮರೆಯಿಲ್ಲದೆ ಹೇಳಿದ, ಅಷ್ಟರಮಟ್ಟಿಗೆ ಒಳ್ಳೆಯವನು. ಅವಳು ಟೀ ಕೊಟ್ಟಳು, ಸಹಿ ಕೊಡಲಿಲ್ಲ. ಒಂಬತ್ತು ತಿಂಗಳಿಂದ ಅವಳಿಗೆ ಯಾವುದರಲ್ಲೂ ರುಚಿಯಿರಲಿಲ್ಲ. ಜನ ಬಂದು ಅತ್ತಾಗಲೂ ಯಾರದೋ ಮನೆಯಲ್ಲಿ ಕೂತ ಹಾಗೆ ಕೂತಿದ್ದಳು. ಆ ಭಾನುವಾರ ಮೈದುನ ಎದ್ದು ಹೋದ ಮೇಲೆ ಮಾತ್ರ ಕೈ ತಾನಾಗಿ ಅಳತೆಪಟ್ಟಿ ಹುಡುಕಿತು. ಹೊಸ ನೋಟು ನೂರಮೂವತ್ತೆಂಟು ಮಿಲಿಮೀಟರು ಉದ್ದ, ಅರವತ್ತನಾಲ್ಕು ಅಗಲ. ರಟ್ಟಿನಲ್ಲಿ ಅದೇ ಅಳತೆಯ ಕಿಂಡಿ ಕತ್ತರಿಸಿಕೊಂಡು ಚೀಲಕ್ಕೆ ಹಾಕಿಕೊಂಡಳು.

ಹಳೇ ನೋಟಿನ ವ್ಯಾಪಾರಿಯ ಅಂಗಡಿ ಒಂದು ಮೆಟ್ಟಿಲಿನ ಕೆಳಗಿತ್ತು. ತಲೆ ತಗ್ಗಿಸಿ ಒಳಗೆ ಹೋಗಬೇಕು.

"ಯಾವ ದೇಶದ್ದು ಬೇಕಮ್ಮ?"

"ಯಾವ ದೇಶ ಆದ್ರೂ ಸರಿ. ಅಳತೆ ಹೇಳ್ತೀನಿ."

ಮುದುಕ ಕನ್ನಡಕದ ಮೇಲಿನಿಂದ ನೋಡಿದ. "ಚಪ್ಪಲಿ ಅಂಗಡಿ ಪಕ್ಕದ ಬೀದೀಲಿ."

ಅವಳು ರಟ್ಟು ತೆಗೆದಿಟ್ಟಳು. ಅವನು ಗೊಣಗುತ್ತಲೇ ಆಲ್ಬಮ್ಮುಗಳನ್ನು ಬಿಚ್ಚಿದ. ಪ್ಲಾಸ್ಟಿಕ್ ಹಾಳೆಯೊಳಗೆ ರಾಜರು, ಆನೆಕಟ್ಟುಗಳು, ಜೋಳದ ತೆನೆಗಳು. ಮುಕ್ಕಾಲು ಗಂಟೆ ಹುಡುಕಿದ ಮೇಲೆ ಒಂದು ಹಕ್ಕಿಯ ನೋಟು ಕಿಂಡಿಯಲ್ಲಿ ಅಚ್ಚುಕಟ್ಟಾಗಿ ಕೂತಿತು. ಅವಳು ಅದನ್ನು ಎತ್ತಿ ಮಧ್ಯಕ್ಕೆ ಬಗ್ಗಿಸತೊಡಗಿದಳು. ಮುದುಕ ಅವಳ ಮಣಿಕಟ್ಟನ್ನೇ ಹಿಡಿದುಬಿಟ್ಟ.

"ಏನು ಮಾಡ್ತಿದ್ದೀ ತಾಯಿ? ಮೂವತ್ತು ವರ್ಷದಿಂದ ಒಂದು ಮಡಿಕೆ ಬಿದ್ದಿಲ್ಲ ಅದಕ್ಕೆ."

"ನನಗೆ ಬೇಕಾಗಿರೋದು ಮಡಿಚೋಕೇ."

"ಹಾಗಾದ್ರೆ ನಾನು ಮಾರಲ್ಲ. ನೀನು ಎಷ್ಟು ಕೊಟ್ರೂ ಮಾರಲ್ಲ."

"ಮಡಿಚಿದ್ರೂ ಯಾರೂ ಕೇಳದೇ ಇರೋ ನೋಟು ಇಲ್ವಾ?"

ಮುದುಕ ಬೆಂಚಿನ ಕೆಳಗಿನಿಂದ ಒಂದು ಬಿಸ್ಕತ್ತಿನ ಡಬ್ಬ ಎಳೆದ. ಗಿರಾಕಿಯಿಲ್ಲದವು, ಹರಿದವು, ಕಲೆಯಾದವು. ಮೂರು ಮಧ್ಯಾಹ್ನ ಅವಳು ಆ ಡಬ್ಬದ ಎದುರು ಸ್ಟೂಲಿನ ಮೇಲೆ ಕೂತಳು. ಎರಡು ಮಿಲಿಮೀಟರು ಹೆಚ್ಚು, ಒಂದು ಕಡಿಮೆ. ಎರಡನೆಯ ದಿನ ಮುದುಕನಿಗೇ ತಡೆಯಲಾಗಲಿಲ್ಲ.

"ಸ್ವಲ್ಪ ಕತ್ತರಿಸಿಕೋಬಾರದಾ? ದಿಕ್ಕಿಲ್ಲದ ನೋಟಿಗೆ ನಾನೇನೂ ಅನ್ನಲ್ಲ."

"ಆಟದ ಮಧ್ಯೆ ನೋಡೋರ ಕೈಗೆ ಕೊಡಬೇಕು. ಅಂಚು ಕತ್ತರಿಸಿದ್ದು ಗೊತ್ತಾಗಿಬಿಡುತ್ತೆ."

ಮೂರನೆಯ ದಿನ ತಳದಲ್ಲಿ ಕಂದು ನೋಟುಗಳ ಒಂದು ಸಣ್ಣ ಕಟ್ಟು ಸಿಕ್ಕಿತು. ಹೇರು ಹೊತ್ತ ಹೇಸರಗತ್ತೆಯೊಂದು ಬೆಟ್ಟದ ದಾರಿಯಲ್ಲಿ ನಿಂತ ಚಿತ್ರ. ಕತ್ತೆಯ ಮುಖದಲ್ಲಿ ಇನ್ನು ಒಂದು ಹೆಜ್ಜೆ ಇಡೆನೆಂಬ ಭಾವ. ಕಿಂಡಿಯಲ್ಲಿಟ್ಟಳು. ನಾಲ್ಕೂ ಕಡೆ ಬೆಳಕು ನುಸುಳಲಿಲ್ಲ.

"ಆ ದೇಶಾನೇ ಈಗಿಲ್ಲ," ಎಂದ ಮುದುಕ. "ಹನ್ನೊಂದಿವೆ. ಒಂದು ಹೊತ್ತಿನ ಟೀ ದುಡ್ಡು ಕೊಟ್ಟು ಎಲ್ಲಾ ತಗೊಂಡು ಹೋಗು."

ಅವು ಹಳೆಯ ಬಟ್ಟೆಯ ಹಾಗೆ ಮೆತ್ತಗಿದ್ದವು, ಹೊಸ ನೋಟು ಹಪ್ಪಳದ ಹಾಗೆ. ಮಡಿಕೆಗಳ ದಪ್ಪ ಬೇರೆಯಾದರೂ ಸಿಕ್ಕಿಬೀಳುತ್ತದೆ. ಒಂದಕ್ಕೆ ತೆಳುವಾಗಿ ಗಂಜಿ ಹಚ್ಚಿ ಇಸ್ತ್ರಿ ಮಾಡಿದಳು. ಗರಿಗರಿಯೇನೋ ಆಯಿತು, ಆದರೆ ಒದ್ದೆಯಲ್ಲಿ ಎಳೆದದ್ದಕ್ಕೆ ಒಂದೂವರೆ ಮಿಲಿಮೀಟರು ಬೆಳೆದಿತ್ತು. ಉಳಿದ ಹತ್ತನ್ನು ಗಂಜಿಯ ಪಸೆ ಮಾತ್ರ ತಾಗಿಸಿ ದಪ್ಪ ಪುಸ್ತಕಗಳ ನಡುವೆ ವಾರವಿಡೀ ಒಣಗಿಸಿದಳು. ಆಮೇಲೆ ಎರಡು ತಿಂಗಳು ಕನ್ನಡಿಯ ಮುಂದೆ ಕೂತಳು. ಇಣುಕಿದಾಗಲೆಲ್ಲ "ಕಾಣ್ತು" ಎಂದು ತಾನೇ ತನಗೆ ಹೇಳಿಕೊಂಡಳು. ಕೊನೆಯ ವಾರ ಹೇಳುವ ಸಂದರ್ಭ ಬರಲಿಲ್ಲ.

ವರ್ಷ ತುಂಬಲು ಆರು ದಿನವಿರುವಾಗ ಸಮಿತಿ ಸೇರಿತು. ಹಾಲಿನಲ್ಲಿ ಮೂವರು: ಕಾರ್ಯದರ್ಶಿ, ಸೆಕೆಯಲ್ಲೂ ಟೋಪಿ ತೆಗೆಯದ್ದರಿಂದ ಟೋಪಿ ಅಜ್ಜನೆಂದೇ ಹೆಸರಾದ ಹಿರಿಯ ಜಾದೂಗಾರ, ಮತ್ತು ಮೈದುನ. ಕೆಳಗೆ ಯಾರೋ ಚಕ್ರಕ್ಕೆ ಗಾಳಿ ತುಂಬುತ್ತಿದ್ದರು.

"ಯಾರಾದ್ರೂ ಒಂದು ನೋಟು ಕೊಡಿ," ಎಂದಳು.

ಮೈದುನ ಎದ್ದು ಕೊಟ್ಟ. ಬ್ಯಾಂಕಿನಿಂದ ಆಗಷ್ಟೇ ತಂದದ್ದು, ಅಂಚು ಚಾಕುವಿನಂತಿತ್ತು. ಕೊಟ್ಟವನು ಕುರ್ಚಿಗೆ ಮರಳದೆ ಅವಳಿಂದ ಎರಡಡಿ ದೂರದಲ್ಲೇ ಕಣ್ಣಲ್ಲಿ ಕಣ್ಣಿಟ್ಟು ನಿಂತ.

ಅವಳು ಮಡಿಚಿದಳು. ಒಂದು, ಎರಡು, ಮೂರು. ಅವಸರ ಮಾಡಲಿಲ್ಲ. ಬಿಡಿಸಿದಳು. ಕಂದು ಬೆಟ್ಟದ ದಾರಿಯಲ್ಲಿ ಹೇಸರಗತ್ತೆ ನಿಂತಿತ್ತು.

ಟೋಪಿ ಅಜ್ಜ ಕೈ ಚಾಚಿ ನೋಟನ್ನು ತೆಗೆದುಕೊಂಡ. ಅಂಚನ್ನು ಉಗುರಿನಿಂದ ಸವರಿದ, ಬೆಳಕಿಗೆ ಹಿಡಿದ, ತನ್ನ ಜೇಬಿನ ನೋಟೊಂದರ ಮೇಲೆ ಹೊಂದಿಸಿದ. "ಅಚ್ಚು ಹೊಡೆದ ಹಾಗಿದೆ. ಎಲ್ಲಿ ಸಿಕ್ತೇ ಇದು?" ಎಂದವನು ಉತ್ತರಕ್ಕೆ ಕಾಯದೆ ಮೈದುನನ ಕಡೆ ತಿರುಗಿದ. "ನಿನಗೇನಾದ್ರೂ ಕಾಣ್ತೇನೋ?"

ಮೈದುನನ ಮುಖ ಸಪ್ಪಗಾಗಿತ್ತು. "ಕಾಣಲಿಲ್ಲ," ಎಂದ. "ಆದ್ರೆ ಇದು ಅಣ್ಣನ ಆಟ ಅಲ್ಲ. ರಿಜಿಸ್ಟರಲ್ಲಿ ಹಡಗಿನ ನೋಟು ಅಂತ ಬರ್ದಿದೆ. ಇದು ಕತ್ತೆ. ಇದು ಬೇರೆ ಆಟ."

ಕಾರ್ಯದರ್ಶಿ ರಿಜಿಸ್ಟರು ತೆರೆದು ಓದಿದ. ಹಾಗೆಯೇ ಬರೆದಿತ್ತು. ಪೆಚ್ಚಾಗಿ ಅವಳತ್ತ ನೋಡಿದ. ಆಟದ ಎರಡನೆಯ ಅರ್ಧ, ಮಡಿಕೆಯಾದ ಮೈದುನನ ನೋಟು, ಹಾಗೇ ಅವಳ ಬೆರಳ ಸಂದಿಯಲ್ಲಿ ನಿಂತಿತ್ತು.

ಅವಳಿಗೆ ಎದೆಯಲ್ಲಿ ಏನೋ ಬಿಸಿಯಾಯಿತು. ವರ್ಷದಿಂದ ಅಲ್ಲಿ ಏನೂ ಆಗಿರಲಿಲ್ಲ.

"ಅವನು ಹೇಳೋದು ಸರಿ," ಎಂದಳು. "ಬೇರೆ ಆಟ ಅಂತಲೇ ಬರ್ಕೊಳ್ಳಿ. ಇದು ನಮ್ಮನೆಯವರದ್ದಲ್ಲ, ನನ್ನದು. ಹಡಗಿನ ಆಟ ಇವನಿಗೆ ಕೊಡಿ. ಆದ್ರೆ ಕಟ್ಟಳೆ ಇವನಿಗೂ ಇದೆಯಲ್ಲ, ಈಗಲೇ ಮಾಡಿ ತೋರಿಸ್ಲಿ. ನಿಮ್ಮಲ್ಲಿ ಯಾರ ಜೇಬಲ್ಲಿದೆ ಹಳೇ ನೋಟು?"

ಯಾರೂ ಜೇಬಿಗೆ ಕೈ ಹಾಕಲಿಲ್ಲ. ಟೋಪಿ ಅಜ್ಜನ ಹೊಟ್ಟೆ ನಗುವಿಗೆ ಕುಣಿಯತೊಡಗಿತು.

"ಮಾಡೋಕೇ ಆಗದ ಆಟಕ್ಕೆ ಶನಿವಾರ ಯಾಕಪ್ಪಾ?" ಎಂದ. "ಆ ಹತ್ತು ನಿಮಿಷ ಈ ಹೊಸ ಆಟಕ್ಕೆ ಬರೀರಿ."

"ಹೆಂಗಸರು ಸದಸ್ಯರಾದ ಪದ್ಧತಿ ಇಲ್ಲ..." ಎಂದು ಕಾರ್ಯದರ್ಶಿ ರಾಗ ಎಳೆದ.

"ಬೇಡ ಅಂತ ಬರ್ದಿದೆಯಾ?" ಎಂದಳು. "ಹಡಗು ಅಂತ ಬರ್ದಿದ್ದನ್ನ ಓದಿದ್ರಲ್ಲ. ಇದನ್ನೂ ಓದಿ."

ಕಾರ್ಯದರ್ಶಿ ಹಾಳೆ ತಿರುವಿದ, ಇನ್ನೊಂದು ತಿರುವಿದ. ಆಮೇಲೆ ಪೆನ್ನಿನ ಮುಚ್ಚಳ ತೆಗೆದ. ಅವನು ಬರೆದು ಮುಗಿಸುವವರೆಗೂ ಅವಳು ಮೇಜಿನ ಪಕ್ಕದಲ್ಲೇ ನಿಂತಳು, ಪ್ರತಿ ಅಕ್ಷರ ನೋಡುತ್ತ. ಆಮೇಲೆ ಕತ್ತೆಯ ನೋಟನ್ನು ಅಜ್ಜನಿಂದ ಪಡೆದು ಚೀಲ ಹೆಗಲಿಗೇರಿಸಿದಳು.

ಮೆಟ್ಟಿಲ ಬಳಿ ಮೈದುನ ಹಿಂದಿನಿಂದ ಕೂಗಿದ. "ಅತ್ತಿಗೆ, ನನ್ನ ನೋಟು?"

"ನೀನೇ ತಾನೆ ಅರ್ಧಕ್ಕೆ ನಿಲ್ಲಿಸಿದ್ದು? ಉಳಿದರ್ಧ ಶನಿವಾರ ಮಾಡ್ತೀನಿ. ಟಿಕೆಟ್ ತಗೊಂಡು ಬಾ."