ಹೊಲಿದ ಪರದೆ

ಮೀಟರಪ್ಪ ಬೆಳಕು ಅಳೆಯುವ ತನ್ನ ಯಂತ್ರವನ್ನು ಹೆಣದ ಎದೆಯ ಮೇಲೆ ಹಿಡಿದು ಮುಳ್ಳು ನೋಡುತ್ತಿದ್ದ. ಅದನ್ನು ಕಿತ್ತು ಅವನ ಬಾಯಿಗೇ ತುರುಕಬೇಕೆನಿಸಿತು ಮಗಳಿಗೆ.

"ಇನ್ನೊಂದು ಸಣ್ಣ ಬಲ್ಬು ಹಾಕಬಹುದು ಮೇಡಂ. ಅದಕ್ಕಿಂತ ಜಾಸ್ತಿ ಬೇಡ. ಚಿತ್ರಗಳು ಮಾಸುತ್ವೆ. ಸಾಹೇಬರು ಇದ್ದಿದ್ರೆ..."

"ಸಾಹೇಬರು ಇಲ್ಲ. ಪೆಟ್ಟಿಗೆಯಲ್ಲಿ ಮಲಗಿದಾರೆ. ಅವರ ಎದೆ ಮೇಲಿಂದ ಕೈ ತೆಗೀರಿ."

ಅವನಿಗೆ ಮೀಟರಪ್ಪ ಎಂದು ಹೆಸರಿಟ್ಟವಳು ಅವಳೇ. ಅಪ್ಪನ ಚಿತ್ರಗಳನ್ನು ಕಾಯಲು ಹದಿನೆಂಟು ವರ್ಷದಿಂದ ಸಂಬಳಕ್ಕಿದ್ದ. ಹಾಲಿನ ಮೂರು ಗೋಡೆಗಳಲ್ಲಿ ನಲವತ್ತೊಂದು ಚಿತ್ರ. ನಾಲ್ಕನೆಯ ಗೋಡೆಗೆ ಉದ್ದನೆಯ ಮಸುಕು ಗಾಜಿನ ಕಿಟಕಿ, ಅದಕ್ಕೆ ನೆಲದ ತನಕ ಇಳಿಬಿದ್ದ, ಕಂಬಳಿಯಷ್ಟು ದಪ್ಪನೆಯ ಕೆಂಪು ಪರದೆ. ಅದರ ಎರಡು ಭಾಗಗಳನ್ನೂ ನಡುವೆ ಸೇರಿಸಿ ಹೊಲಿದುಬಿಡಲಾಗಿತ್ತು. ಯಾರೂ ಕೈತಪ್ಪಿಯೂ ಸರಿಸಬಾರದೆಂದು ಮೂವತ್ತು ವರ್ಷದ ಹಿಂದೆ ಅಪ್ಪ ಅದನ್ನು ಅಮ್ಮನ ಕೈಯಿಂದಲೇ ಹೊಲಿಸಿದ್ದ. ಬೆಳಗಿನ ಹತ್ತು ಗಂಟೆಗೂ ಬಂದವರು ಕುರ್ಚಿ ಎಡವುತ್ತಿದ್ದರು. ಒಬ್ಬರಂತೂ ಅಮ್ಮನೆಂದುಕೊಂಡು ಅಡುಗೆಯವಳಿಗೆ ಸಮಾಧಾನ ಹೇಳಿ ಹೋಗಿದ್ದರು.

ಅಮ್ಮ ಪೆಟ್ಟಿಗೆಯ ತಲೆಯ ಕಡೆ ಕೂತು, ಮೂಗು ತಾಗುವಷ್ಟು ಬಾಗಿದ್ದಳು. ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು.

"ಮುಖ ಕಾಣ್ತಿಲ್ಲ ಕಣೇ," ಎಂದಳು. "ಆಸ್ಪತ್ರೆಯಲ್ಲೂ ಒಳಗೆ ಬಿಡಲಿಲ್ಲ. ಶೇವ್ ಮಾಡಿದಾರಾ?"

"ಮಾಡಿದಾರೆ ಅಮ್ಮ."

"ಎಡಗಡೆ ಗಲ್ಲದ ಕೆಳಗೆ ಯಾವಾಗಲೂ ಬಿಟ್ಟುಬಿಡ್ತಿದ್ರು. ಸರಿಯಾಗಿ ನೋಡು."

ನೋಡಿದಳು. ಅವಳಿಗೂ ಕಾಣಲಿಲ್ಲ. ಹನ್ನೊಂದಕ್ಕೆ ಗಾಡಿ ಬರುವುದಿತ್ತು. ಐವತ್ತೈದು ವರ್ಷ ಬಾಳಿದ ಗಂಡನನ್ನು ಹೆಂಡತಿ ಕತ್ತಲಲ್ಲಿ ತಡವಿ ಕಳಿಸಿಕೊಡಬೇಕೇ? ಅವಳು ನೇರ ಅಣ್ಣನ ಬಳಿಗೆ ಹೋದಳು. ಅವನು ಮೂಲೆಯಲ್ಲಿ ನಿಂತು ಭಾಷಣದ ಕಾಗದ ತಿದ್ದುತ್ತಿದ್ದ.

"ಅಣ್ಣ, ಪರದೆ ಬಿಚ್ಚಿಸು. ಐದೇ ನಿಮಿಷ. ಅಮ್ಮ ಮುಖ ನೋಡಲಿ."

"ತಲೆ ಕೆಟ್ಟಿದೆಯಾ? ಒಂದೊಂದು ಚಿತ್ರದ ಬೆಲೆ ಗೊತ್ತಾ ನಿನಗೆ?"

"ಹಾಗಾದ್ರೆ ಪೆಟ್ಟಿಗೇನ ಹೊರಗೆ ತನ್ನಿ."

"ಚಿತ್ರಗಳ ಮಧ್ಯೆ ಮಲಗಿಸಿ, ಅಲ್ಲೇ ಮುಚ್ಚಿ ಒಯ್ಯಿರಿ ಅಂತ ಬರೆದಿಟ್ಟಿದಾರೆ. ಅಪ್ಪನ ಮಾತು ಮೀರೋಕಾಗಲ್ಲ."

"ಬದುಕಿದ್ದಾಗ ಮೀರೋಕಾಗಲಿಲ್ಲ, ಸತ್ತ ಮೇಲೂ ಆಗಲ್ವಾ?" ಎಂದಳು. ಅಣ್ಣ ಮತ್ತೆ ಕಾಗದದಲ್ಲಿ ಮುಖ ಹುದುಗಿಸಿದ.

* * *

ಅಪ್ಪ ಮೊದಲು ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಮಿಸ್ಟ್. ಸಂಜೆ ಬಂದವನೇ ಅಡುಗೆಮನೆಯಲ್ಲಿ ಬಣ್ಣ ಕುದಿಸಲು ನಿಲ್ಲುತ್ತಿದ್ದ. ಅಮ್ಮನ ಪಾತ್ರೆಗಳೆಲ್ಲ ಕೆಂಪಾದವು. ಹಾಲು ಕಾಯಿಸಿದರೆ ಹಾಲೂ ನಸುಗೆಂಪು. ಕೊನೆಗೊಮ್ಮೆ ಅವನಿಗೆ ಬೇಕಾದ ಕೆಂಪು ಸಿಕ್ಕಿತು. ಬಿಸಿಲಿಗೂ ಸೋಪಿಗೂ ಜಗ್ಗದು ಎಂದ. 'ಮಾಸದ ಕೆಂಪು' ಎಂದು ಡಬ್ಬಿಗಳ ಮೇಲೆ ಅಚ್ಚಾಯಿತು. ಶೆಡ್ಡು ಕಾರ್ಖಾನೆಯಾಯಿತು, ಸೈಕಲ್ಲು ಕಾರಾಯಿತು, ಕಾರಿನ ಹಿಂದೆಯೇ ಚಿತ್ರ ಕೊಳ್ಳುವ ಚಟ ಬಂತು. ಬಡ ಕಲಾವಿದರಿಗೆ ಆಸರೆ ಎಂದು ಜನ ಕೊಂಡಾಡಿದರು. ಊರಿಗೆ ಉಪಕಾರಿ, ಮನೆಗೆ ಮಾರಿ.

ಬಣ್ಣ ಪರೀಕ್ಷಿಸಲು ಅವನದೊಂದು ಕ್ರಮವಿತ್ತು. ಬಟ್ಟೆಯ ಅರ್ಧಕ್ಕೆ ಕಪ್ಪು ಕಾಗದ ಹೊದಿಸಿ ಮೂರು ತಿಂಗಳು ಕಿಟಕಿಗೆ ಒಡ್ಡುತ್ತಿದ್ದ. ಕಾಗದ ತೆಗೆದಾಗ ಎರಡು ಅರ್ಧವೂ ಒಂದೇ ಬಣ್ಣವಿದ್ದರೆ ಪಾಸು.

ಅವಳಿಗಾಗ ಹತ್ತು ವರ್ಷ. ಅಪ್ಪನ ಹುಟ್ಟುಹಬ್ಬಕ್ಕೆಂದು ಅಪ್ಪನ ಕೆಂಪನ್ನೇ ನೀರಲ್ಲಿ ಕಲಸಿ, ಶಾಲು ಹೊದ್ದು ಕೂತ ಅಮ್ಮನ ಚಿತ್ರ ಬರೆದಳು. ಹನ್ನೆರಡು ದಿನ ಕೂತು ಬರೆದಳು. ಅಪ್ಪ ನೋಡಿ ಚೆನ್ನಾಗಿದೆ ಎಂದ, ಎರಡು ಸಲ ಎಂದ. ಆಮೇಲೆ ಅದರ ಅರ್ಧಕ್ಕೆ ಕಪ್ಪು ಕಾಗದ ಅಂಟಿಸಿ ಬಿಸಿಲಿಗೆ ಇಟ್ಟ. ಮಗು ಕೊಟ್ಟ ಉಡುಗೊರೆಗೆ ಯಾವ ತಂದೆಯಾದರೂ ಹೀಗೆ ಮಾಡುತ್ತಾನೆಯೇ? ಮೂರು ತಿಂಗಳಾದ ಮೇಲೆ ಕಾಗದ ಕಿತ್ತಾಗ ಅಮ್ಮನ ಒಂದು ಭುಜ ಕೆಂಪಗಿತ್ತು, ಇನ್ನೊಂದು ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು.

ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಹೇಳಿದ: "ನೀರು ಜಾಸ್ತಿ ಹಾಕಿದೀಯ. ಒಳ್ಳೇ ಬಣ್ಣ ಕೆಡಿಸಿದೆ. ನಿನಗೆ ಕೈಗುಣ ಇಲ್ಲ ಮಗಳೇ, ಇದರ ಸಹವಾಸ ಬಿಟ್ಟುಬಿಡು."

ಬಿಟ್ಟಳು. ಎಕ್ಸ್‌ರೇ ತೆಗೆಯುವುದನ್ನು ಕಲಿತು, ಮೂವತ್ತು ವರ್ಷದಿಂದ ಕಪ್ಪು ಬಿಳುಪಿನ ಮೂಳೆ ನೋಡುತ್ತಿದ್ದಾಳೆ. ಬಣ್ಣದ ಅಂಗಡಿ ಕಂಡರೆ ಈಗಲೂ ರಸ್ತೆ ದಾಟಿ ಆ ಬದಿಗೆ ಹೋಗುತ್ತಾಳೆ.

* * *

ಅಣ್ಣ ಮೊಬೈಲಿನ ಬೆಳಕಿನಲ್ಲಿ ಭಾಷಣ ಓದತೊಡಗಿದ. ಆ ಬೆಳಕು ಗೋಡೆಗೆ ಬೀಳದಂತೆ ಮೀಟರಪ್ಪ ಅಂಗೈ ಅಡ್ಡ ಹಿಡಿದಿದ್ದ.

"ಮಾಸದ ಕೆಂಪನ್ನು ಲೋಕಕ್ಕೆ ಕೊಟ್ಟವರು ನಮ್ಮ ತಂದೆ. ಅವರ ಮಾತೂ ಹಾಗೇ, ಎಳ್ಳಷ್ಟೂ ಮಾಸದ ಮಾತು."

ಬಾಗಿಲ ಬಳಿ ಯಾರೋ ಕೆಮ್ಮಿದರು. ಕಾರ್ಖಾನೆಯಲ್ಲಿ ಮೊದಲ ದಿನದಿಂದ ಬಣ್ಣದ ಹಂಡೆ ಕದಡಿದ ಹಂಡೆಯಜ್ಜ. ಕೆಲಸ ಬಿಟ್ಟು ಹತ್ತು ವರ್ಷವಾದರೂ ಉಗುರಿನ ಸಂದಿಯ ಕೆಂಪು ಹೋಗಿರಲಿಲ್ಲ.

ಹತ್ತು ಮುಕ್ಕಾಲು. ಅಮ್ಮ ಬೆರಳಿಂದ ಅಪ್ಪನ ಗಲ್ಲ ತಡವುತ್ತಿದ್ದಳು. ಮಗಳಿಗೆ ಮೈಯೆಲ್ಲ ಉರಿದುಹೋಯಿತು. ಹೂವಿನ ದಾರ ಕತ್ತರಿಸಲು ತಂದಿದ್ದ ಕತ್ತರಿ ಮೇಜಿನ ಮೇಲಿತ್ತು. ಅದನ್ನೆತ್ತಿಕೊಂಡು ಕಿಟಕಿಯತ್ತ ನಡೆದಳು.

"ಮೇಡಂ, ಬೇಡ," ಎಂದು ಮೀಟರಪ್ಪ ಅಡ್ಡ ಬಂದ.

"ಪಕ್ಕಕ್ಕೆ ಸರೀರಿ. ನನ್ನ ಕೈಲಿರೋದು ಕತ್ತರಿ."

ಅವನು ಸರಿದ. ಅಣ್ಣನ ಓದು ನಿಂತಿತು. ಅಮ್ಮ ಕತ್ತೆತ್ತದೆಯೇ ಹೇಳಿದಳು:

"ಕೆಳಗಿಂದ ಬಿಚ್ಚು. ಮೇಲೆ ಎರಡೆರಡು ಗಂಟು ಹಾಕಿದೀನಿ."

ಕೆಳಗಿಂದ ಬಿಚ್ಚಿದಳು. ಹೊಲಿಗೆ ಪಟಪಟನೆ ಹರಿಯಿತು. ಬಲಗಡೆಯ ಪರದೆಯನ್ನು ಜಗ್ಗಿದ ರಭಸಕ್ಕೆ ಅದು ಕಂಬಿಯ ಬಳೆಗಳ ಸಮೇತ ಕಳಚಿ ಅವಳ ಮೇಲೇ ಬಿತ್ತು. ಹಾಲಿನ ತುಂಬ ಬಿಸಿಲು. ಬಂದವರೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿದರು.

"ಬಿಟ್ಟಿದಾರೆ ನೋಡು," ಎಂದಳು ಅಮ್ಮ. "ಎಡಗಡೆ. ನಾಲ್ಕು ಬಿಳಿ ಕೂದಲು. ನಾನು ಹೇಳಲಿಲ್ವಾ?" ಎಂದವಳೇ ಅಂದಿನ ಮೊದಲ ಅಳು ಅತ್ತಳು.

ಮಗಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಅವಳು ಕೈಯಲ್ಲಿದ್ದ ಪರದೆಯನ್ನು ನೋಡುತ್ತಿದ್ದಳು. ಒಳಮೈ ಕಡುಗೆಂಪು. ಕಿಟಕಿಗೆ ಮುಖ ಮಾಡಿದ್ದ ಹೊರಮೈ ಒಣಹುಲ್ಲಿನ ಬಣ್ಣ. ಆ ಬಣ್ಣ ಅವಳಿಗೆ ಗೊತ್ತಿತ್ತು. ನಲವತ್ತೆರಡು ವರ್ಷದಿಂದ ಗೊತ್ತಿತ್ತು. ಇದಕ್ಕೆ ನೀರು ಜಾಸ್ತಿ ಹಾಕಿದವರು ಯಾರು?

"ಇದು ನಮ್ಮ ಕಾರ್ಖಾನೆ ಕೆಂಪೇನಾ ಅಜ್ಜ?"

ಹಂಡೆಯಜ್ಜ ಹತ್ತಿರ ಬಂದು ಬಟ್ಟೆ ಮುಟ್ಟಿ ನೋಡಿದ. "ನಾನೇ ಅದ್ದಿದ್ದು. ಬಂದ ಗಿರಾಕಿಗಳಿಗೆ ತೋರಿಸೋಕೆ ಅಂತ."

"ಮಾಸುತ್ತೆ ಅಂತ ಅಪ್ಪನಿಗೆ ಗೊತ್ತಿತ್ತಾ?"

ಮುದುಕ ಪೆಟ್ಟಿಗೆಯ ಕಡೆ ಒಮ್ಮೆ ನೋಡಿದ. "ಮೊದಲ ಪರೀಕ್ಷೆ ಮಳೆಗಾಲದಲ್ಲಿ ಮಾಡಿದ್ದು, ಬಿಸಿಲೇ ಬೀಳಲಿಲ್ಲ. ನಿಮ್ಮ ಚಿತ್ರ ಬೇಸಿಗೇಲಿ ಇಟ್ಟಿದ್ರು. ಅದನ್ನ ತಂದು ನನಗೆ ತೋರಿಸಿದ್ರು. ಹುಡುಗಿ ನಮ್ಮ ತಪ್ಪು ಹಿಡಿದುಬಿಟ್ಟಳು ಕಣೋ ಅಂದ್ರು. ಅಷ್ಟೊತ್ತಿಗೆ ಡಬ್ಬಿಗಳು ಲಾರಿ ಹತ್ತಿದ್ವು."

"ನೀವೂ ಹೇಳಲಿಲ್ಲ."

"ಹೊಟ್ಟೆಪಾಡು ತಾಯಿ."

ಪರದೆ ಹೊಲಿಸಿದ್ದು ಚಿತ್ರಗಳಿಗಾಗಿಯಲ್ಲ, ಅದರ ಬೆನ್ನು ಯಾರಿಗೂ ಕಾಣಬಾರದೆಂದು. ಅದಕ್ಕಾಗಿ ಒಬ್ಬಳನ್ನು ಮೂವತ್ತು ವರ್ಷ ಕತ್ತಲಲ್ಲಿ ಕೂರಿಸಿದ. ಇನ್ನೊಬ್ಬಳಿಗೆ ಕೈಗುಣವಿಲ್ಲವೆಂದ. ಹತ್ತು ವರ್ಷದ ಮಗುವಿಗೆ. ಅವಳಿಗೆ ಅವನನ್ನು ಎಬ್ಬಿಸಿ ಕೂರಿಸಿ ಕೇಳಬೇಕೆನಿಸಿತು, ಕೆನ್ನೆಗೆ ಬಾರಿಸಬೇಕೆನಿಸಿತು. ಸತ್ತು ಅದಕ್ಕೂ ತಪ್ಪಿಸಿಕೊಂಡಿದ್ದ.

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಅವಳು ಪರದೆಯನ್ನು ಎಳೆದುಕೊಂಡು ಪೆಟ್ಟಿಗೆಯ ಬಳಿ ಬಂದಳು.

"ಅಮ್ಮ, ಈ ತುದಿ ಹಿಡ್ಕೋ."

ಮಾಸಿದ ಮೈ ಮೇಲಾಗಿ ಅಪ್ಪನ ಕುತ್ತಿಗೆಯಿಂದ ಕಾಲಿನವರೆಗೆ ಹೊದಿಸಿದಳು. ಆಮೇಲೆ ಒಂದು ಬದಿಯನ್ನು ಉದ್ದಕ್ಕೂ ನಡುವಿನ ತನಕ ಮಡಿಸಿದಳು. ಅರ್ಧ ಒಣಹುಲ್ಲು, ಅರ್ಧ ಕೆಂಪು.

"ಏನೇ ಇದು ಅಸಹ್ಯ," ಎಂದ ಅಣ್ಣ. "ಜನ ನೋಡ್ತಿದಾರೆ."

"ನೋಡಲಿ."

ಅಮ್ಮ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು. ಒಣಹುಲ್ಲಿನ ಬಣ್ಣದ ಮೇಲೆ ಕೈಯಾಡಿಸಿದಳು, ಕೆಂಪಿನ ಮೇಲೆ ಆಡಿಸಿದಳು, ಮಗಳ ಮುಖ ನೋಡಿದಳು. ಆಮೇಲೆ ಸೊಟ್ಟಗಾಗಿದ್ದ ಮಡಿಕೆಯನ್ನು ಎದೆಯಿಂದ ಪಾದದವರೆಗೆ ಹೆಬ್ಬೆರಳಿನಿಂದ ತೀಡುತ್ತ ನೇರ ಮಾಡಿದಳು.