ತೂಕಕ್ಕಿಂತ ಮೊದಲು ಇಳಿದದ್ದು

ಬಂದರಿನಲ್ಲಿ ಎಲ್ಲರೂ ಅವಳನ್ನು ಕ್ರೇನಕ್ಕ ಎಂದೇ ಕರೆಯುತ್ತಿದ್ದರು. ಹದಿನಾರು ವರ್ಷ ದೊಡ್ಡ ಕ್ರೇನಿನ ಗಾಜಿನ ಕೋಣೆಯಲ್ಲಿ ಕೂತು, ಹಡಗಿನ ಕಂಟೇನರುಗಳನ್ನು ಹೂವೆತ್ತಿದಂತೆ ಎತ್ತಿ ಲಾರಿಗಳ ಮೇಲೆ ಇಳಿಸಿದವಳು. ತೂಕ ನೂರಾ ಹದಿನೆಂಟು ಕಿಲೋ ದಾಟಿ, ಸಕ್ಕರೆ ಕಾಯಿಲೆ ಮೈಯಲ್ಲಿ ಬೇರುಬಿಟ್ಟು, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುವಂತಾದಾಗ ಬಂದರಿನ ವೈದ್ಯರು ಅವಳನ್ನು ಕೆಳಗಿಳಿಸಿದರು. ಮೇಲೆ ಕೂತಾಗ ಸಕ್ಕರೆ ದಿಢೀರನೆ ಕುಸಿದು ಕಣ್ಣಿಗೆ ಕತ್ತಲೆ ಕವಿದರೆ ಕೆಳಗಿದ್ದವರ ಗತಿಯೇನು ಎಂದು ಕೇಳಿದರು. ಗೇಟಿನ ಬಳಿ ಲಾರಿ ನಂಬರು ಬರೆಯುವ ಕೆಲಸ ಸಿಕ್ಕಿತು. ಎರಡು ವರ್ಷ ಅವಳು ಕತ್ತೆತ್ತಿ ಕ್ರೇನಿನ ಕಡೆ ನೋಡಲಿಲ್ಲ.

ತೂಕ ಇಳಿಸುವ ಹೊಟ್ಟೆಯ ಆಪರೇಷನ್ ಮಾಡಿಸಿಕೊಳ್ಳುತ್ತೇನೆಂದಾಗ ದರ್ಜಿಯಾದ ಗಂಡ, ಬಾಯಿ ಕಟ್ಟಿದರೆ ಸಾಲದೇ ಎಂದು ಮುಖ ಸಪ್ಪಗೆ ಮಾಡಿದ. ಬಾಯಿ ಕಟ್ಟಿ ಕಟ್ಟಿ ಸಾಕಾಗಿದೆ, ಇಳಿದ ತೂಕವೆಲ್ಲ ಬಂಧುಬಳಗ ಕಟ್ಟಿಕೊಂಡು ವಾಪಸು ಬಂದಿದೆ ಎಂದಳು.

ಜಠರವನ್ನು ಮೊಟ್ಟೆಯಷ್ಟು ಚಿಕ್ಕದು ಮಾಡಿ, ಕರುಳಿಗೆ ಹತ್ತಿರದ ದಾರಿ ಜೋಡಿಸಿದರು. ಐದನೆಯ ದಿನ ನರ್ಸ್ ಬೆರಳು ಚುಚ್ಚಿ ನೋಡಿದಾಗ ಸಕ್ಕರೆ ನೂರಾ ಎಂಟು. ಹಿಂದಿನ ದಿನದಿಂದ ಇನ್ಸುಲಿನ್ ಕೊಟ್ಟೇ ಇರಲಿಲ್ಲ. ತೂಕವೋ, ಇಳಿದದ್ದು ಎರಡೇ ಕಿಲೋ.

“ಸಕ್ಕರೆ ನೋಡೋ ಮಿಷನ್ ಕೆಟ್ಟಿರಬೇಕು ಡಾಕ್ಟ್ರೇ,” ಎಂದಳು ಕ್ರೇನಕ್ಕ, ಆಪರೇಷನ್ ಮಾಡಿದ ವೈದ್ಯರು ನೋಡಲು ಬಂದಾಗ.

“ಮಿಷನ್ ಸರಿಯಾಗೇ ಇದೆ ಅಮ್ಮ. ನೀವು ತಿನ್ನೋದು ಕಡಿಮೆಯಾಗಿದೆ, ತಿಂದಿದ್ದೂ ಕರುಳಿನ ಕೆಳಭಾಗಕ್ಕೆ ಬೇಗ ಹೋಗ್ತಿದೆ. ಅಲ್ಲಿಂದ ಹೊರಡೋ ಹಾರ್ಮೋನು ನಿಮ್ಮ ಸ್ವಂತ ಇನ್ಸುಲಿನ್ನನ್ನ ಎಬ್ಬಿಸ್ತಿದೆ. ತೂಕ ಆಮೇಲೆ ಇಳಿಯುತ್ತೆ, ನಿಧಾನಕ್ಕೆ.”

ಕಾಯಿಲೆ ಮುಂದೆಂದಾದರೂ ಮರಳಬಹುದು, ವಿಟಮಿನ್ ಮಾತ್ರೆ ಜೀವನಪೂರ್ತಿ ಬೇಕು, ತಪಾಸಣೆ ತಪ್ಪಿಸುವಂತಿಲ್ಲ ಎಂದೂ ಎಚ್ಚರಿಸಿದರು. ಅವಳ ಕಿವಿಗೆ ಬಿದ್ದದ್ದು ಅರ್ಧ ಮಾತ್ರ. ಗೋಡೆಯ ಕಡೆ ತಿರುಗಿ ಸಮಾಧಾನವಾಗುವಷ್ಟು ಅತ್ತಳು.

ಮುಂದಿನ ದಿನಗಳು ಸುಲಭವಾಗಿರಲಿಲ್ಲ. ಅವಸರದಲ್ಲಿ ಎರಡು ತುತ್ತು ಹೆಚ್ಚಾದರೆ ವಾಂತಿ. ಬಾಚಿದರೆ ಕೈತುಂಬ ಕೂದಲು. ಗಂಡ ತಿಂಗಳಿಗೊಮ್ಮೆ ಅವಳ ಬಟ್ಟೆಗಳ ಹೊಲಿಗೆ ಬಿಚ್ಚಿ ಅಳತೆ ಚಿಕ್ಕದು ಮಾಡಿದ. “ಯಾವುದಾದ್ರೂ ಒಂದು ಅಳತೇಲಿ ನಿಲ್ಲೇ, ಗಿರಾಕಿಗಳು ಕಾಯ್ತಿದ್ದಾರೆ,” ಎಂದು ಗೊಣಗಿ, ಅದೇ ಗಿರಾಕಿಗಳ ಮುಂದೆ ಹೆಂಡತಿಯ ಸಕ್ಕರೆಯ ಲೆಕ್ಕ ಒಪ್ಪಿಸುತ್ತಿದ್ದ.

ಹನ್ನೊಂದನೆಯ ತಿಂಗಳಲ್ಲೂ ಔಷಧವಿಲ್ಲದೆ ಸಕ್ಕರೆ ಹದದಲ್ಲೇ ಇತ್ತು. ಬಂದರಿನ ವೈದ್ಯರು ವರದಿಯನ್ನು ಎರಡೆರಡು ಸಲ ಓದಿ, ಮತ್ತೆ ಕ್ರೇನು ಹತ್ತಬಹುದೆಂದು ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಅವಳು ಕ್ರೇನಿನ ನೂರಾ ನಲವತ್ತು ಮೆಟ್ಟಿಲು ಹತ್ತಿದಳು. ನಡುವೆ ಒಂದೇ ಒಂದು ಸಲ ನಿಂತು ಸಮುದ್ರ ನೋಡಿದಳು. ಮೊದಲ ಕಂಟೇನರ್ ಹಡಗಿನಿಂದ ಎದ್ದು, ಒಂದಿಷ್ಟೂ ತೂಗಾಡದೆ ಬಂದು ಲಾರಿಯ ಮೇಲೆ ಕೂತಿತು. ಕೆಳಗೆ ಸಾಲುಗಟ್ಟಿದ ಲಾರಿಗಳು ಒಂದಾದ ಮೇಲೊಂದು ಹಾರ್ನ್ ಹೊಡೆದವು.

ಕೈ ಮರೆತಿಲ್ಲ ಎಂದು ಮೇಸ್ತ್ರಿ ವೈರ್‌ಲೆಸ್ಸಿನಲ್ಲಿ ಹೊಗಳತೊಡಗಿದ.

“ಮಾತು ಸಾಕು, ಮುಂದಿನ ಲಾರಿ ಕಳಿಸಪ್ಪ,” ಎಂದಳು ಕ್ರೇನಕ್ಕ.